ಎಡಕ್ಕೆ ನಡೆಯುವವಳು

ಫೆಬ್ರವರಿ ೩

ಅಕ್ಕ,

ಈ ಲಕೋಟೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವ್ ಒಂದಿದೆ. ಕಾಗದ ತೆಗೆದ ಮೇಲೆ ಲಕೋಟೆಯನ್ನು ಕೊಡವಿ ನೋಡು, ಇಲ್ಲದಿದ್ದರೆ ಅದೂ ಕಸದ ಬುಟ್ಟಿಗೆ ಹೋದೀತು. ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೇನೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದಕ್ಕಿಂತ ಕಳಿಸುವುದು ಸುಲಭ.

ಇದು ಕಂಪ್ಯೂಟರಿನಲ್ಲಿ ಆಡುವ ಆಟ. ಹೆಸರು 'ತುಕ್ಕುನಗರ'. ಮಾಡುತ್ತಿರುವವರು ಇಬ್ಬರೇ. ಚಿತ್ರ ನನ್ನದು, ಕೋಡ್ ಗೂಬೆಯದು. ಗೂಬೆ ಎಂದರೆ ನನ್ನ ಜೊತೆ ಓದಿದವನು, ದುಂಡು ಕನ್ನಡಕದವನು. ಎದುರಿಗೆ ಯಾರಾದರೂ ಮಾತಾಡಿದರೆ ಉತ್ತರ ಹೇಳುವ ಮೊದಲು ಎರಡು ಸಲ ಕಣ್ಣು ಮಿಟುಕಿಸುತ್ತಾನೆ. ಒಂದು ಮುದ್ರಣಾಲಯದ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಕೆಳಗೆ ಯಂತ್ರ ಓಡುವಾಗ ನಮ್ಮ ಮೇಜುಗಳು ಸಣ್ಣಗೆ ನಡುಗುತ್ತವೆ. ಅಂಥ ಹೊತ್ತಿನಲ್ಲಿ ಗೆರೆ ಎಳೆಯಲಾಗುವುದಿಲ್ಲ, ಬಣ್ಣ ಆರಿಸುತ್ತೇನೆ.

ಆಟ ನಡೆಯುವುದು ಮುಂದೆ ಯಾವತ್ತೋ ಬರುವ ಒಂದು ನಗರದಲ್ಲಿ. ಮುಗಿಲು ಮುಟ್ಟುವ ಕಟ್ಟಡಗಳು, ಗೋಡೆಗೋಡೆಗೂ ಬಣ್ಣದ ದೀಪದ ಹಲಗೆಗಳು, ಕೆಳಗೆ ಸದಾ ಒದ್ದೆಯಾಗಿರುವ ಬೀದಿ. ಅಲ್ಲಿಯ ಜನ ಕೈ, ಕಾಲು, ಕಣ್ಣುಗಳನ್ನು ಕಂಪನಿಯಿಂದ ಬಾಡಿಗೆಗೆ ತಂದು ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಂಡವರ ನೆನಪುಗಳೆಲ್ಲ ಕಂಪನಿಯ ಸ್ವತ್ತು. ನಾಯಕಿ ಟಪಾಲಿನವಳು. ಕಂಪನಿಯ ಕಣ್ಣಿಗೆ ಬೀಳದಂತೆ ಜನ ಬಚ್ಚಿಟ್ಟ ನೆನಪುಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ತಲುಪಿಸುವುದು ಅವಳ ಕೆಲಸ. ದಾರಿಯಲ್ಲಿ ಕಾವಲು ಯಂತ್ರಗಳ ಜೊತೆ ಹೊಡೆದಾಟ. ಹೊಡೆದಾಡಿದಷ್ಟೂ ಕಲಿಯುತ್ತಾಳೆ, ಕಲಿತಷ್ಟೂ ಹೊಸ ಬೀದಿಗಳು ತೆರೆಯುತ್ತವೆ.

ಚಿತ್ರವೆಲ್ಲ ಪಿಕ್ಸೆಲ್‌ಗಳಲ್ಲಿ, ಅಂದರೆ ಕಣ್ಣಿಗೆ ಎದ್ದು ಕಾಣುವ ಚೌಕದ ಚುಕ್ಕಿಗಳಲ್ಲಿ. ಹಳೆಯ ಕಾಲದ ಆಟಗಳ ಹಾಗೆ. ಅವಳ ಇಡೀ ಮುಖಕ್ಕೆ ನಾನು ಖರ್ಚು ಮಾಡಿರುವುದು ಒಂಬತ್ತು ಚುಕ್ಕಿ, ಅದರಲ್ಲಿ ಕಣ್ಣಿಗೆ ಒಂದು. ಹಾಗಾಗಿ ಮುಖದಿಂದ ಏನನ್ನೂ ಹೇಳಿಸಲಾಗುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಅವಳ ನಡಿಗೆ ಹೇಳಬೇಕು.

ಬಲಬಾಣದ ಕೀಲಿ ಒತ್ತಿದರೆ ಬಲಕ್ಕೆ ನಡೆಯುತ್ತಾಳೆ, ಎಡಬಾಣಕ್ಕೆ ಎಡಕ್ಕೆ. ಉಳಿದದ್ದನ್ನು ಆಟವೇ ಕಲಿಸುತ್ತದೆ.

ಫೋನ್ ಮಾಡಬೇಡ. ಫೋನಿನಲ್ಲಿ ನಾವು ಹೇಗಿದ್ದೀಯ ಎನ್ನುವಷ್ಟರಲ್ಲಿ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಜಗಳ ತಲುಪುವ ಹೊತ್ತಿಗೆ ಆರಿರುತ್ತದೆ ಎಂದು ಈ ನಿಯಮ ಮಾಡಿದವಳು ನೀನೇ.

ಹೇಗಿದೆ ಎಂದು ಬರೆ. ಚೆನ್ನಾಗಿದೆ ಎಂದೇ ಬರೆಯಬೇಕಾಗಿಲ್ಲ.

ಪುಟ್ಟಿ


ಫೆಬ್ರವರಿ ೧೪

ಪುಟ್ಟಿ,

ನಾನು ಚೆನ್ನಾಗಿದ್ದೇನೆ. ಕಾರು ಚೆನ್ನಾಗಿಲ್ಲ. ಕ್ಲಚ್ ಹೊಸದು, ಆದರೂ ಸುಟ್ಟ ವಾಸನೆ. ಕಾರಣ ನನ್ನ ಡ್ರೈವಿಂಗ್ ಸ್ಕೂಲಿಗೆ ಬಂದಿರುವ ಹೊಸ ಶಿಷ್ಯ, ಒಬ್ಬ ಹಲ್ಲಿನ ಡಾಕ್ಟರು. ಐವತ್ತು ದಾಟಿದ ಮೇಲೆ ಕಾರು ಕಲಿಯುವ ಮನಸ್ಸಾಗಿದೆ. ಮುಂದಕ್ಕೆ ಓಡಿಸುವುದರಲ್ಲಿ ತಪ್ಪು ಹುಡುಕುವಂತಿಲ್ಲ. ರಿವರ್ಸ್ ಹಾಕಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಾರೆ.

"ಡಾಕ್ಟರೇ, ಕಣ್ಣು ಬಿಡಿ!"

"ನನ್ನ ಪೇಷಂಟುಗಳೂ ಹೀಗೇ ಮುಚ್ಕೋತಾರೆ ಮೇಡಂ. ಯಾಕೆ ಅಂತ ಈಗ ಅರ್ಥ ಆಯ್ತು."

ನಿನ್ನ ಪೆನ್‌ಡ್ರೈವನ್ನು ನನ್ನ ಆಫೀಸಿನ ಕಂಪ್ಯೂಟರಿಗೆ ಹಾಕಿ ಆಟ ತೆರೆದುಕೊಟ್ಟವರೂ ಅವರೇ. ಅವರ ಕ್ಲಾಸು ಮುಗಿದಿತ್ತು, ಮುಂದಿನ ಹುಡುಗಿ ಬಂದಿರಲಿಲ್ಲ. ಹೋಗಿ ಎನ್ನಲು ಮನಸ್ಸಾಗಲಿಲ್ಲ, ಪಕ್ಕದ ಕುರ್ಚಿಯಲ್ಲಿ ಕುಳಿತರು.

ಒದ್ದೆ ಬೀದಿ ಚೆನ್ನಾಗಿದೆ. ಬೀದಿಯ ನೀರಿನಲ್ಲಿ ದೀಪದ ಹಲಗೆಗಳು ಕಲಸಿಹೋಗುವುದನ್ನು ನೋಡುತ್ತ ಯಾರನ್ನೂ ಹೊಡೆಯದೆ ಬಹಳ ಹೊತ್ತು ನಿಂತಿದ್ದೆ. ಡಾಕ್ಟರು, "ಮೇಡಂ, ಸಿಗ್ನಲ್ ಬಿಟ್ಟಿದೆ" ಎಂದರು. ಏಳನೇ ಮಹಡಿಯ ಮುದುಕ ನನಗೆ ಹಿಡಿಸಿದ. ಟಪಾಲಿನವಳ ಹೆಜ್ಜೆಯ ಸದ್ದು ಕೇಳಿಸಿದ ಕೂಡಲೇ, ಅವಳು ತಟ್ಟುವ ಮೊದಲೇ, ಬಾಗಿಲು ತೆರೆದು "ಬಂದೆಯಾ" ಎನ್ನುತ್ತಾನಲ್ಲ, ಅದು.

ಒಂದು ತಕರಾರು. ನಿನ್ನ ನಗರದಲ್ಲಿ ಕಬ್ಬಿಣದ ಕಾಲಿನವರು ಗೋಡೆ ಹಾರುತ್ತಾರೆ. ನಾನು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೇನೆ.

ಇನ್ನು ನಡಿಗೆಯ ವಿಷಯ. ಅವಳು ನಡೆಯತೊಡಗಿದಾಗ ಡಾಕ್ಟರು ಪರದೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೋಡೆಯ ಮೇಲಿನ ಸಂಚಾರ ಚಿಹ್ನೆಗಳ ಪಟವನ್ನು ತುಂಬ ಆಸಕ್ತಿಯಿಂದ ಓದತೊಡಗಿದರು. ಸೊಂಟ ಸ್ವಲ್ಪ ಮೇಲೆತ್ತಿ, ಕಬ್ಬಿಣದ ಎಡಗಾಲನ್ನು ಹೊರಗಿನಿಂದ ಸುತ್ತಿ ತಂದು, ಹಿಮ್ಮಡಿ ಊರಿ, ನೆಲ ಇದೆ ಎಂದು ಖಾತ್ರಿಯಾಗುವ ತನಕ ಒಂದಿಷ್ಟು ಕಾದು, ಆಮೇಲೆ ಬಲಗಾಲು. ನನ್ನನ್ನು ಕೇಳಬೇಕಿತ್ತು ನೀನು. ಅದು ಇರಲಿ.

ಸ್ವಲ್ಪ ದೂರ ಹೋದ ಮೇಲೆ ಅವಳನ್ನು ಎಡಕ್ಕೆ ತಿರುಗಿಸಿದೆ. ತಿರುಗಿದ ಕೂಡಲೇ ಕಬ್ಬಿಣದ ಕಾಲು ಬಲಗಾಲಾಯಿತು. ಮತ್ತೆ ಬಲಕ್ಕೆ ತಿರುಗಿಸಿದೆ, ಮತ್ತೆ ಎಡಗಾಲು. ನಿನ್ನ ಊರಿನಲ್ಲಿ ನಡುದಾರಿಯಲ್ಲೇ ಕಾಲು ಅದಲುಬದಲು ಮಾಡಿಕೊಡುವ ಅಂಗಡಿ ಇದ್ದರೆ ವಿಳಾಸ ಬರೆ, ನನಗೂ ಉಪಯೋಗಕ್ಕೆ ಬರುತ್ತದೆ. ಕನ್ನಡಿ ನೋಡಿ, ಕನ್ನಡಿ ನೋಡಿ ಎಂದು ದಿನವಿಡೀ ಗಂಟಲು ಹರಿದುಕೊಳ್ಳುವವಳು ನಾನು. ನನ್ನ ಕಣ್ಣು ತಪ್ಪಿಸಲಾರೆ.

ಎರಡರಲ್ಲಿ ಒಂದು ಮಾಡು. ಸರಿಯಾಗಿ ನಡೆಸು, ಇಲ್ಲವೇ ನನ್ನ ನಡಿಗೆಯನ್ನು ತೆಗೆದುಹಾಕು. ಹೋಗುವಾಗ ನಾನು, ಬರುವಾಗ ಇನ್ಯಾರೋ. ಅದು ಬೇಡ.

ಸದಾ ಬ್ರೇಕಿನ ಮೇಲೆ ಒಂದು ಕಾಲಿಟ್ಟಿರುವ,
ಅಕ್ಕ


ಫೆಬ್ರವರಿ ೨೨

ಅಕ್ಕ,

ಹೌದು, ಅದು ನಿನ್ನ ನಡಿಗೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ.

ಕಾಲು ಬದಲಾಗುವುದರ ಕಾರಣ ಹೇಳುತ್ತೇನೆ. ಒಂದು ಹೆಜ್ಜೆ ಎಂದರೆ ಎಂಟು ಚಿತ್ರ. ಓಡುವುದು, ಹಾರುವುದು, ಬೀಳುವುದು, ಎದ್ದೇಳುವುದು, ಹೊಡೆಯುವುದು, ಒಂದೊಂದಕ್ಕೂ ಹೀಗೆ ಬೇರೆ ಬೇರೆ ಚಿತ್ರಗಳು. ಎಲ್ಲವನ್ನೂ ಬಲಕ್ಕೆ ಮುಖ ಮಾಡಿ ಬಿಡಿಸುತ್ತೇನೆ. ಎಡಕ್ಕೆ ಬಿಡಿಸುವುದೇ ಇಲ್ಲ. ಗೂಬೆಯ ಕೋಡಿನಲ್ಲಿ ಒಂದು ಸಾಲಿದೆ, ಅದು ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ತೋರಿಸುತ್ತದೆ. ನಮ್ಮಂಥ ಸಣ್ಣವರು ಬಹುತೇಕ ಹೀಗೆಯೇ ಮಾಡುವುದು. ಎರಡು ಕಾಲೂ ಒಂದೇ ತರಹ ಇದ್ದರೆ ಯಾರಿಗೂ ತಿಳಿಯುವುದಿಲ್ಲ.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಎರಡು ಸಲ ಕಣ್ಣು ಮಿಟುಕಿಸಿದ.

"ನಿಮ್ಮಕ್ಕನ್ನ ಬಿಟ್ರೆ ಇದನ್ನ ಇನ್ಯಾರೂ ಗಮನಿಸಲ್ಲ."

"ಅವಳು ಗಮನಿಸಿದಳಲ್ಲ."

"ಅಲ್ಲ ತಾಯಿ, ಒಂದು ಕಾಲಿಗೋಸ್ಕರ ಎಲ್ಲಾ ಚಿತ್ರ ಇನ್ನೊಂದ್ಸಲ ಬಿಡಿಸ್ತೀಯಾ? ಮೇ ತಿಂಗಳಲ್ಲಿ ಆಟಗಳ ಪ್ರದರ್ಶನಕ್ಕೆ ಕೊಡ್ತೀವಿ ಅಂತ ಆಟ ಹೊರತರೋ ಪ್ರಕಾಶಕರಿಗೆ ಮಾತು ಕೊಟ್ಟಾಗಿದೆ. ಕಾಲು ಅಂದ್ರೆ ನಿನ್ನ ಚಿತ್ರದಲ್ಲಿ ಮೂರು ಚುಕ್ಕಿ ಅಗಲ!" ಆಮೇಲೆ ತಾನು ಏನು ಹೇಳಿದೆ ಎಂದು ಹೊಳೆದು, ಚಹಾ ತರುತ್ತೇನೆ ಎಂದು ಎದ್ದುಹೋದ.

ಅವನು ಹೋದ ಮೇಲೆ ಎಡಕ್ಕೆ ಒಂದು ಹೆಜ್ಜೆ ಬಿಡಿಸಿ ನೋಡೋಣವೆಂದು ಕುಳಿತೆ. ಬರಲಿಲ್ಲ. ಅವಳು ಎಡಕ್ಕೆ ಮುಖ ಮಾಡಿದರೆ ನೋಡುವವರಿಗೆ ಕಾಣುವುದು ಅವಳ ಎಡಬದಿ. ನಿನ್ನ ಎಡಬದಿ ನನಗೆ ಗೊತ್ತಿಲ್ಲ. ಮೂಳೆಯ ಕಾಯಿಲೆಗೆ ಕಾಲು ಕೊಟ್ಟು ನೀನು ಆಸ್ಪತ್ರೆಯಿಂದ ಬಂದ ವರ್ಷ, ಕೋಲು ಹಿಡಿಯುವುದಿಲ್ಲ ಎಂದು ಹಟ ಮಾಡಿ, ನನ್ನ ಭುಜ ಹಿಡಿದು ನಡೆಯಲು ಕಲಿತೆಯಲ್ಲ. ಆಸರೆ ಗಟ್ಟಿ ಕಾಲಿನ ಕಡೆಗೆ ಇರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ನಾನು ನಿನ್ನ ಬಲಕ್ಕೆ. ಭುಜ ಬೇಡವಾದ ಮೇಲೂ ಅಭ್ಯಾಸ ಉಳಿಯಿತು. ಅಂಗಡಿಗೆ ಹೋಗಲಿ, ಯಾರದೋ ಮನೆಗೆ ಹೋಗಲಿ, ನಾನು ಬಲಕ್ಕೇ. ಒಂದೇ ಬದಿಯಿಂದ ನೋಡಿದ ನಡಿಗೆ ಅರ್ಧ ನಡಿಗೆ ಎಂದು ಮೊನ್ನೆ ತಿಳಿಯಿತು.

ಎರಡೂ ಬದಿಯಿಂದ ಒಂದು ವಿಡಿಯೋ ತೆಗೆಸಿ ಕಳಿಸುತ್ತೀಯಾ? ಹತ್ತು ಹೆಜ್ಜೆ ಸಾಕು. ಮುಖ ಬೇಡ.

ನಿನ್ನ ಬಲಗಡೆಯ,
ಪುಟ್ಟಿ


ಮಾರ್ಚ್ ೨

ಪುಟ್ಟಿ,

ಇಲ್ಲ.

ನಮ್ಮ ಮನೆಯ ಫೋಟೋಗಳನ್ನು ಒಂದು ಸಲ ನೆನಪು ಮಾಡಿಕೊ. ಆ ವರ್ಷದಿಂದ ಈಚೆಗೆ ಎಲ್ಲದರಲ್ಲೂ ನಾನು ಕುಳಿತಿದ್ದೇನೆ. ಅಮ್ಮ ಫೋಟೋದವರು ಬರುವ ಮೊದಲೇ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, "ನೀನು ದೊಡ್ಡವಳು, ಕೂತ್ಕೋ" ಎನ್ನುತ್ತಿದ್ದಳು. ಹಿಂದಿನ ಸಾಲಿನಲ್ಲಿ ಅಜ್ಜ ನಿಂತಿರುತ್ತಿದ್ದರು. ಯಾರೂ ನಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಅದು ಹಾಗೇ ನಡೆದುಬಂತು.

ನನ್ನ ನಡಿಗೆಯನ್ನು ನಿಂತು ನೋಡುವವರು ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾರಿನೊಳಗೆ ಕುಳಿತರೆ ನಾನು ಎಲ್ಲರ ಹಾಗೆ. ಎಲ್ಲರಿಗಿಂತ ಒಂದು ಬ್ರೇಕು ಹೆಚ್ಚು, ಕಲಿಸುವವರಿಗೆಂದೇ ಹಾಕಿದ್ದು. ಈ ಕೆಲಸ ಯಾಕೆ ಹಿಡಿದೆ ಅಂದುಕೊಂಡೆ?

ಬೇರೆ ಏನಾದರೂ ಕೇಳು.

ಅಕ್ಕ


ಮಾರ್ಚ್ ೨೦

ಅಕ್ಕ,

ಸರಿ. ಬೇರೆಯದನ್ನೇ ಕೇಳುತ್ತಿದ್ದೇನೆ. ಇದರ ಜೊತೆ ಎಂಟು ಚಿತ್ರಗಳ ಒಂದು ಪಟ್ಟಿ ಇದೆ, ಕೆಳಗಿನ ಮುದ್ರಣಾಲಯದವರು ದೊಡ್ಡದಾಗಿ ಅಚ್ಚು ಹಾಕಿಕೊಟ್ಟರು. ಎಡಕ್ಕೆ ಒಂದು ಹೆಜ್ಜೆ. ಎಲ್ಲೆಲ್ಲಿ ತಪ್ಪಿದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡು. ನಿನ್ನ ಶಿಷ್ಯರ ಹಾಳೆಗಳಿಗೆ ಹಾಕುವಂತೆಯೇ ಹಾಕು, ದಾಕ್ಷಿಣ್ಯ ಬೇಡ.

ಇದನ್ನು ಬಿಡಿಸಲು ನಾನೇ ಮೊಣಕಾಲಿಗೆ ಉದ್ದದ ಅಳತೆಪಟ್ಟಿ ಕಟ್ಟಿಕೊಂಡು ಓಣಿಯಲ್ಲಿ ಹಿಂದೆಮುಂದೆ ನಡೆದೆ. ಗೂಬೆ ವಿಡಿಯೋ ತೆಗೆದ. ಎದುರುಮನೆಯಾಕೆ ಬಾಗಿಲಲ್ಲಿ ನಿಂತು ನೋಡಿ, "ಏನಮ್ಮಾ, ಕಾಲು ಉಳುಕಿತಾ?" ಎಂದು ಮುಲಾಮು ತಂದುಕೊಟ್ಟಳು. ಬೇಡ ಎನ್ನಲಾಗಲಿಲ್ಲ. ಹಚ್ಚಿಕೊಂಡೆ.

ಕುಂಟುವ ಅಭ್ಯಾಸದಲ್ಲಿರುವ,
ಪುಟ್ಟಿ


ಮಾರ್ಚ್ ೨೮

ಪುಟ್ಟಿ,

ಗುರುತು ಮಾಡಿದ ಹಾಳೆ ಜೊತೆಗಿದೆ. ಕೆಂಪು ಶಾಯಿ ಮುಗಿದು ಕೊನೆಯ ಎರಡಕ್ಕೆ ನೀಲಿ ಹಾಕಿದ್ದೇನೆ.

ಮೂರನೆಯ ಚಿತ್ರದ ಹಾಗೆ ಕಾಲಿಟ್ಟರೆ ನಾಲ್ಕನೆಯದರ ಹೊತ್ತಿಗೆ ನಾನು ನೆಲದ ಮೇಲೆ ಇರುತ್ತೇನೆ. ಐದನೆಯದರಲ್ಲಿ ಅವಳು ತನ್ನ ಕಾಲನ್ನು ನೋಡುತ್ತಿದ್ದಾಳೆ. ನಾನು ಕಾಲು ನೋಡುವುದಿಲ್ಲ, ಮುಂದೆ ಕಾಲಿಡಬೇಕಾದ ಜಾಗ ನೋಡುತ್ತೇನೆ. ಕಲ್ಲು, ಒದ್ದೆ, ಇಳಿಜಾರು, ಯಾರೋ ಎಸೆದ ಸಿಪ್ಪೆ. ಮುಖ್ಯವಾದ ತಪ್ಪು ಯಾವುದೆಂದರೆ ನೀನು ನಟಿಸಿರುವುದು ನೋವನ್ನು. ನನಗೆ ನೋವಿಲ್ಲ. ನನಗಿರುವುದು ಲೆಕ್ಕಾಚಾರ. ಕುಂಟುವುದಕ್ಕೂ ಲೆಕ್ಕ ಹಾಕಿ ನಡೆಯುವುದಕ್ಕೂ ವ್ಯತ್ಯಾಸ ಇದೆ. ಅದನ್ನು ಎಷ್ಟು ಚುಕ್ಕಿಯಲ್ಲಿ ತೋರಿಸುತ್ತೀಯೋ ನಿನಗೆ ಬಿಟ್ಟದ್ದು.

ಇಷ್ಟು ತಪ್ಪು ಎಂದು ಹೇಳಬಲ್ಲೆ. ಸರಿ ಯಾವುದೆಂದು ಹೇಳಲಾರೆ. ನಾನು ಒಳಗಿನಿಂದ ನಡೆಯುವವಳು. ಹೊರಗಿನಿಂದ ಹೇಗೆ ಕಾಣುತ್ತದೆಂದು ನನಗೇನು ಗೊತ್ತು?

ಡಾಕ್ಟರು ಪರೀಕ್ಷೆಯಲ್ಲಿ ಫೇಲು. ರಿವರ್ಸಿನಲ್ಲಿ ಕಂಬಕ್ಕೆ ತಾಗಿಸಿದರು. ಕಂಬದ ಬಳಿ ಹೋಗಿ ಕ್ಷಮೆ ಕೇಳಿದರಂತೆ. ಪರೀಕ್ಷೆ ಮಾಡುವವರು ನಗು ತಡೆಯಲಾರದೆ ಪೆನ್ನು ಬೀಳಿಸಿಕೊಂಡರು. ನಾಳೆಯಿಂದ ಮತ್ತೆ ಕ್ಲಾಸು. "ನಿಮ್ಮ ಹೆಜ್ಜೆ ವರಾಂಡದಲ್ಲಿ ಕೇಳಿದ ಕೂಡಲೇ ಸೀಟ್‌ಬೆಲ್ಟ್ ಹಾಕ್ಕೊಂಡುಬಿಡ್ತೀನಿ ಮೇಡಂ, ಬೈಸ್ಕೊಳ್ಳೋಕೆ ಅದೊಂದಾದ್ರೂ ಕಡಿಮೆ ಆಗಲಿ ಅಂತ" ಎಂದರು.

ಅಕ್ಕ


ಏಪ್ರಿಲ್ ೧೯

ಅಕ್ಕ,

ಎರಡರಲ್ಲಿ ಒಂದು ಎಂದು ನೀನು ಬರೆದಿದ್ದೆ. ಎರಡನೆಯದನ್ನು ಮಾಡಿದ್ದೇನೆ.

ಟಪಾಲಿನವಳಿಗೆ ಈಗ ಎರಡು ಕಾಲೂ ಒಂದೇ ತರಹ. ಚಿತ್ರ ಮಗುಚಿದರೂ ಏನೂ ಕೆಡುವುದಿಲ್ಲ. ಎಲ್ಲ ಚಿತ್ರಗಳಲ್ಲೂ ಆ ಮೂರು ಚುಕ್ಕಿಯ ಬಣ್ಣ ಬದಲಿಸಿ, ಸೊಂಟ ನೇರ ಮಾಡಿ, ಕಾಯುವ ಚಿತ್ರವನ್ನು ತೆಗೆದುಹಾಕಿದೆ. ಅವಳ ಹೆಜ್ಜೆಗಿದ್ದ ಸದ್ದನ್ನು ಗೂಬೆ ತೆಗೆದ. ಪ್ರಕಾಶಕರ ಕಡೆಯವಳು ಬಂದು ನೋಡಿ, "ಈಗ ಎಷ್ಟು ಚುರುಕಾಗಿದೆ" ಎಂದಳು. ಪ್ರದರ್ಶನಕ್ಕೆ ಇದೇ ಹೋಗುತ್ತದೆ. ಜನ ಒಪ್ಪಿದರೆ ಈ ವರ್ಷವೇ ಹೊರಗೆ ಬರುತ್ತದೆ.

ಇನ್ನು ಅವಳು ಯಾರ ಹಾಗೂ ನಡೆಯುವುದಿಲ್ಲ. ನೀನು ಚಿಂತೆ ಮಾಡಬೇಕಾಗಿಲ್ಲ. ಹೊಸ ಪೆನ್‌ಡ್ರೈವ್ ಇಟ್ಟಿದ್ದೇನೆ. ನೋಡಲೇಬೇಕು ಎಂದೇನಿಲ್ಲ.

ಪುಟ್ಟಿ


ಜೂನ್ ೬

ಪುಟ್ಟಿ,

ಇಷ್ಟು ದಿನ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದು. ಇರಲಿಲ್ಲ.

ನಿನ್ನ ಎರಡನೆಯ ಪೆನ್‌ಡ್ರೈವ್ ಮೇಜಿನ ಖಾನೆಯಲ್ಲಿ ಹಾಗೇ ಬಿದ್ದಿತ್ತು. ಹೋದ ವಾರ ಡಾಕ್ಟರು, "ಮೇಡಂ, ನಮ್ಮ ಟಪಾಲಿನವಳು ಎಲ್ಲಿ ತನಕ ಬಂದಳು?" ಎಂದು ಕೇಳಿದರು. ನಮ್ಮ ಎಂದಾಗ ನನಗೆ ನಗು ಬಂತು. ಹಾಕಿ ನೋಡಿದೆವು.

ಹೊಸವಳು ಚೆನ್ನಾಗಿ ನಡೆಯುತ್ತಾಳೆ. ನೀರಿನ ಮೇಲೆ ಹೋದ ಹಾಗೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಒಂದು ತಪ್ಪು ಸಿಗಲಿಲ್ಲ. ಒದ್ದೆ ಬೀದಿ ದಾಟಿದಳು, ಏಳು ಮಹಡಿ ಹತ್ತಿದಳು. ಎಲ್ಲೂ ನೆಲ ಇದೆಯೇ ಎಂದು ಕಾಯಲಿಲ್ಲ. ನೆಲ ಇದ್ದೇ ಇರುತ್ತದೆ ಎಂದು ಅವಳಿಗೆ ಯಾರು ಹೇಳಿದರೋ.

ಮುದುಕನ ಬಾಗಿಲು ಮುಚ್ಚಿತ್ತು. ಅವಳು ಮುಂದೆ ಹೋಗಿ ನಿಂತರೂ ತೆರೆಯಲಿಲ್ಲ. ಡಾಕ್ಟರು ಯಾವುದೋ ಕೀಲಿ ಒತ್ತಿ ಬಾಗಿಲು ತಟ್ಟಿಸಿದರು. ಒಳಗಿನಿಂದ ಮುದುಕ, "ಯಾರು?" ಎಂದ.

ಹೊರಗೆ ರಸ್ತೆಯಲ್ಲಿ ಯಾರೋ ಕಲಿಯುವವರು ಗೇರು ಕಿರ್ರೆನ್ನಿಸಿದರು. ಡಾಕ್ಟರು, "ಪಾಪ, ಮುದುಕಂದೇನೂ ತಪ್ಪಿಲ್ಲ. ನನಗೂ ಇವಳು ಯಾರು ಅಂತ ಗೊತ್ತಾಗ್ಲಿಲ್ಲ. ಮೊದಲಿನವಳು ರಜೆ ಮೇಲೆ ಹೋಗಿದ್ದಾಳಾ ಮೇಡಂ?" ಎಂದರು.

ಎದ್ದು ಅಂಗಳಕ್ಕೆ ಹೋದೆ. ನಮ್ಮ ಅಭ್ಯಾಸದ ಅಂಗಳ ನಿನಗೆ ಗೊತ್ತಲ್ಲ, ಸುಣ್ಣದ ಗೆರೆಗಳು, ಮೂಲೆಯಲ್ಲಿ ಪೇರಿಸಿಟ್ಟ ಟೈರುಗಳು. ಮಧ್ಯಾಹ್ನ ಯಾರೂ ಇರುವುದಿಲ್ಲ. ಡಾಕ್ಟರನ್ನು ಕರೆದು, "ನಿಮ್ಮ ಫೋನು ತನ್ನಿ. ನಾನು ಹತ್ತು ಹೆಜ್ಜೆ ನಡೀತೀನಿ, ನೀವು ವಿಡಿಯೋ ತೆಗೀರಿ. ಆಮೇಲೆ ನೀವು ಈ ಗೆರೆಯಿಂದ ಆ ಗೆರೆ ತನಕ ರಿವರ್ಸ್ ತಗೋಬೇಕು, ಕಣ್ಣು ಬಿಟ್ಕೊಂಡು" ಎಂದೆ.

"ನಿಮ್ಮದಕ್ಕೆ ಹತ್ತು ಹೆಜ್ಜೆ, ನಂದಕ್ಕೆ ಅಷ್ಟು ದೂರ! ಇದ್ಯಾವ ನ್ಯಾಯ ಮೇಡಂ?"

"ನಂದಕ್ಕೆ ಇಪ್ಪತ್ತೆಂಟು ವರ್ಷ ಹಿಡಿದಿದೆ ಡಾಕ್ಟರೇ."

ಆಮೇಲೆ ಅವರು ಚೌಕಾಸಿ ಮಾಡಲಿಲ್ಲ.

ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ ನಡೆದೆ. ಹೋಗುವಾಗ ಬಲಬದಿ, ಬರುವಾಗ ಎಡಬದಿ. "ನಿಧಾನವಾಗಿ ಮೇಡಂ" ಎಂದರು. ನಾನು ನಿಧಾನ ಮಾಡಲಿಲ್ಲ. ನಾನು ಹೇಗೆ ನಡೆಯುತ್ತೇನೋ ಹಾಗೇ ನಡೆದೆ. ಒಂದು ಸಲ ಮುಗಿದ ಮೇಲೆ ಅವರ ಹೆಬ್ಬೆರಳು ಅಡ್ಡ ಬಂದಿತ್ತೆಂದು ತಿಳಿದು ಇನ್ನೊಂದು ಸಲ ನಡೆದೆ. ಆಮೇಲೆ ಅವರು ರಿವರ್ಸ್ ತೆಗೆದರು. ಕಣ್ಣು ಬಿಟ್ಟೇ ಇದ್ದರು, ಉಸಿರು ಮಾತ್ರ ಬಿಟ್ಟ ಹಾಗೆ ಕಾಣಲಿಲ್ಲ. ಟೈರುಗಳ ರಾಶಿಗೆ ಮೆಲ್ಲಗೆ ತಾಗಿಸಿದರು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ವಿಡಿಯೋ ಇದೇ ಪೆನ್‌ಡ್ರೈವಿನಲ್ಲಿದೆ. ನಾನು ನೋಡಿಲ್ಲ.

ತಡವಾಗಿದ್ದರೆ ಬಿಡು. ಪ್ರದರ್ಶನ ಮುಗಿದಿರಬೇಕು, ನಿನ್ನ ಆಟ ಹೊರಡುವ ಹೊತ್ತು. ನೀನು ಅದನ್ನು ನಿಲ್ಲಿಸಬೇಕೆಂದು ನಾನು ಕೇಳುತ್ತಿಲ್ಲ. ಮುದುಕ "ಯಾರು?" ಎಂದದ್ದಕ್ಕೆ ಉತ್ತರ ಕಳಿಸಿದ್ದೇನೆ, ಅಷ್ಟೇ.

ಅಕ್ಕ


ಜೂನ್ ೨೯

ಅಕ್ಕ,

ಪೆನ್‌ಡ್ರೈವ್ ಬಂದ ದಿನ ಪ್ರಕಾಶಕರ ಕಡೆಯವಳಿಗೆ ಫೋನ್ ಮಾಡಿ, ಆಟ ಈಗ ಹೊರಡುವುದಿಲ್ಲ, ಚಿತ್ರಗಳನ್ನು ಮತ್ತೆ ಬಿಡಿಸಬೇಕು ಎಂದೆ. ಪ್ರದರ್ಶನದಲ್ಲಿ ಜನ ಒಪ್ಪಿದ್ದಾರಲ್ಲ, ಹುಚ್ಚೇ ಎಂದು ಕೇಳಿದಳು. ಈ ವರ್ಷ ನಮಗೆಂದು ಇಟ್ಟಿದ್ದ ಜಾಗ ಬೇರೆಯವರಿಗೆ ಹೋಯಿತು. ಮುಂದಿನ ವರ್ಷ ನೋಡೋಣ ಎಂದಿದ್ದಾಳೆ. ನೋಡೋಣ ಎಂದರೆ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು.

ಗೂಬೆ ಎರಡು ದಿನ ಕೋಣೆಗೆ ಬರಲಿಲ್ಲ. ಮೂರನೆಯ ದಿನ ಬ್ಯಾಗು ಇಳಿಸುತ್ತಲೇ, "ಪ್ರದರ್ಶನದಲ್ಲಿ ಒಬ್ಬರೂ ಆ ಮುದುಕನ ಹತ್ರ ನಿಲ್ಲಲಿಲ್ಲ, ಗಮನಿಸಿದ್ಯಾ?" ಎಂದ. ಆಮೇಲೆ ನಾನು ನೋಡುತ್ತಿದ್ದಂತೆಯೇ ಚಿತ್ರ ಮಗುಚುವ ಸಾಲನ್ನು ಅಳಿಸಿ, ಅವಳ ಹೆಜ್ಜೆಯ ಸದ್ದನ್ನು ಮತ್ತೆ ಹಾಕಿದ. "ಆಯ್ತು ತಾಯಿ, ಬಿಡಿಸು. ಇನ್ನು ಅಡ್ಡದಾರಿ ಇಲ್ಲ."

ಬಿಡಿಸುತ್ತಿದ್ದೇನೆ. ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡುವುದು ನಮ್ಮ ಕೆಲಸದ ರೀತಿ. ಎಡಬದಿಯನ್ನು ಹಾಗೆ ನೋಡಿದೆ. ಕಾಲು ನಾನು ಊಹಿಸಿದ್ದಕ್ಕಿಂತ ಸರಳವಾಗಿತ್ತು. ನೀನು ಹೇಳಿದ್ದು ಸರಿ, ಅಲ್ಲಿ ನೋವಿಲ್ಲ.

ನಾನು ತಪ್ಪು ಮಾಡಿದ್ದು ಕಾಲಿನಲ್ಲಿ ಅಲ್ಲ, ಕೈಯಲ್ಲಿ. ನಿನ್ನ ಎಡಗೈ ಎಲ್ಲರ ಕೈಯ ಹಾಗೆ ಬೀಸುತ್ತದೆ. ಬಲಗೈ ಬೀಸುವುದಿಲ್ಲ. ಅದು ಸ್ವಲ್ಪ ಮುಂದಕ್ಕೆ ಬಂದು, ಅಂಗೈ ಕೆಳಗೆ ಮಾಡಿ, ಗಾಳಿಯ ಮೇಲೆ ನಿಂತಿರುತ್ತದೆ. ಎರಡೂ ಬದಿಯ ವಿಡಿಯೋದಲ್ಲೂ, ಎರಡೂ ಸಲವೂ. ಪರದೆಗೆ ಅಳತೆಪಟ್ಟಿ ಹಿಡಿದು, ನಿನ್ನ ಎತ್ತರಕ್ಕೆ ಹೋಲಿಸಿ, ಆ ಕೈ ನೆಲದಿಂದ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕಿದೆ. ಆಮೇಲೆ ಎದ್ದು ಗೋಡೆಯ ಬಳಿ ಹೋಗಿ ಅಷ್ಟೇ ಎತ್ತರಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ನೋಡಿದೆ. ನನ್ನ ಭುಜ ಅಷ್ಟು ಎತ್ತರಕ್ಕೆ ಇದ್ದದ್ದು ಯಾವಾಗ ಎಂದು ನಿನಗೆ ಹೇಳಬೇಕಾಗಿಲ್ಲ.

ಇಷ್ಟು ವರ್ಷ ಬಲಕ್ಕೇ ನಡೆದರೂ ನಾನು ಆ ಕೈಯನ್ನು ನೋಡಿಲ್ಲ. ನಾನು ಪಕ್ಕದಲ್ಲಿದ್ದಾಗ ಅದು ನನ್ನ ಮೇಲಿರುತ್ತಿತ್ತು. ನನಗೆ ಗೊತ್ತಿದ್ದದ್ದು ಅದರ ಭಾರ ಮಾತ್ರ.

ಬಲಕ್ಕೆ, ಎಡಕ್ಕೆ, ಎರಡು ಕಡೆಯ ಚಿತ್ರಗಳಲ್ಲೂ ಕೈಯನ್ನು ಹಾಗೆಯೇ ಬಿಡಿಸಿದ್ದೇನೆ. ನಾಲ್ಕು ಚುಕ್ಕಿ. ಗೂಬೆ ಓಡಿಸಿ ನೋಡಿ, "ಈ ಕೈ ಎಲ್ಲೋ ಸಿಕ್ಕಿಹಾಕ್ಕೊಂಡಿದೆಯಲ್ಲ, ನನ್ನ ಕೋಡಿನ ತಪ್ಪಾ?" ಎಂದು ಬೆಳಗಿನಿಂದ ಮಧ್ಯಾಹ್ನದ ತನಕ ಹುಡುಕಿದ. ತಪ್ಪಲ್ಲ, ಅದು ಹಾಗೇ ಎಂದೆ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಆ ಕೈಯ ಕೆಳಗೆ ಒಂದು ಪುಟ್ಟ ಯಂತ್ರವನ್ನು ನಡೆಸೋಣ, ಇಷ್ಟೇ ಎತ್ತರದ್ದು, ಅವಳ ಜೊತೆಗಾರನಾಗಿ. ದಾರಿ ತೋರಿಸುತ್ತದೆ, ಕತ್ತಲೆಯಲ್ಲಿ ದೀಪ ಹಿಡಿಯುತ್ತದೆ. ಆಡುವವರಿಗೆ ಜೊತೆಗಾರರೆಂದರೆ ಬಹಳ ಇಷ್ಟ, ಪ್ರಕಾಶಕರೂ ಮನಸ್ಸು ಬದಲಿಸಬಹುದು ಎನ್ನುತ್ತಾನೆ. ಚೆನ್ನಾಗಿಯೇ ಇರುತ್ತದೆ. ನಾನು ಒಂದು ಬಿಡಿಸಿಯೂ ನೋಡಿದೆ. ಉಳಿಸಲೋ ಅಳಿಸಲೋ ತಿಳಿಯದೆ ಹಾಗೇ ಇಟ್ಟಿದ್ದೇನೆ.

ಈ ಸಲ ಕೇಳುತ್ತಿದ್ದೇನೆ. ಆ ಜಾಗದಲ್ಲಿ ಏನಾದರೂ ಬಿಡಿಸಲೇ?

ಯಂತ್ರ ಇಲ್ಲದ ಆಟವನ್ನೇ ಕಳಿಸಿದ್ದೇನೆ. ನೋಡಿ ಹೇಳು.

ಪುಟ್ಟಿ


ಜುಲೈ ೧೨

ಪುಟ್ಟಿ,

ಡಾಕ್ಟರು ಪಾಸಾದರು. ರಿವರ್ಸನ್ನು ಕೂದಲೆಳೆ ತಪ್ಪಿಲ್ಲದೆ ತೆಗೆದರಂತೆ. ಸಂತೋಷ ಹೆಚ್ಚಾಗಿ, ಪರೀಕ್ಷೆ ಮಾಡುವವರನ್ನು ಕೆಳಗಿಳಿಸುವುದನ್ನು ಮರೆತು ಅವರನ್ನೂ ಕೂರಿಸಿಕೊಂಡು ಇಲ್ಲಿಯ ತನಕ ಬಂದರು. ನಾನು ಬೈದೆ. ಇನ್ನು ಕ್ಲಾಸು ಬೇಕಾಗಿಲ್ಲ ಎಂದೂ ಹೇಳಿದೆ. "ಹೆದ್ದಾರಿ ಒಂದು ಬಾಕಿ ಇದೆ ಮೇಡಂ, ಅದಕ್ಕೆ ಪಕ್ಕದಲ್ಲಿ ಯಾರಾದ್ರೂ ಇರ್ಬೇಕು" ಎಂದರು. ನೋಡೋಣ ಎಂದಿದ್ದೇನೆ. ನನ್ನ ನೋಡೋಣ ನಿನ್ನ ಪ್ರಕಾಶಕರ ನೋಡೋಣದ ಹಾಗಲ್ಲ.

ನಿನ್ನ ಆಟವನ್ನು ಈ ಸಲ ಒಬ್ಬಳೇ ಆಡಿದೆ. ಏಳನೇ ಮಹಡಿಯಲ್ಲಿ ಅವಳು ಇನ್ನೂ ಮೆಟ್ಟಿಲ ಮೇಲಿದ್ದಾಗಲೇ ಮುದುಕ ಬಾಗಿಲು ತೆರೆದ. "ಬಂದೆಯಾ" ಎಂದ. ಅವನು ಕೊಟ್ಟದ್ದನ್ನು ತೆಗೆದುಕೊಂಡು ಕೆಳಗಿಳಿದೆ. ಬಲಕ್ಕೆ ಹೋಗಬೇಕು, ಅಲ್ಲಿ ಹೊಸ ಬೀದಿ ತೆರೆದಿದೆ ಎಂದು ಆಟ ಬಾಣ ತೋರಿಸುತ್ತಿತ್ತು. ನಾನು ಎಡಕ್ಕೆ ತಿರುಗಿಸಿದೆ. ಬಂದ ದಾರಿಯಲ್ಲೇ, ದೀಪದ ಹಲಗೆಗಳ ಕೆಳಗೆ, ಆಟ ಶುರುವಾಗುವ ಗೋಡೆಯ ತನಕ ಅವಳನ್ನು ನಡೆಸಿಕೊಂಡು ಹೋದೆ. ಅಲ್ಲಿ ಹೊಡೆಯಲು ಯಾರೂ ಇಲ್ಲ, ತಲುಪಿಸಲು ಏನೂ ಇಲ್ಲ. ಕಾಲು ಬದಲಾಗಲಿಲ್ಲ. ಬರುವಾಗಲೂ ನಾನೇ.

ಕೈಯನ್ನೂ ನೋಡಿದೆ. ಆಮೇಲೆ ಡಾಕ್ಟರ ಫೋನಿನಿಂದ ಆ ವಿಡಿಯೋವನ್ನು ಹಾಕಿಸಿಕೊಂಡು ನೋಡಿದೆ. ಮೊದಲ ಸಲ ನೋಡಿದ್ದು. ನೀನು ಬಿಡಿಸಿರುವುದು ಸರಿಯಾಗಿದೆ. ಅಂಗೈ ಇನ್ನೂ ಒಂದು ಚುಕ್ಕಿ ಕೆಳಗೆ ಇರಬೇಕು. ಆಗ ನೀನು ಅಷ್ಟು ಎತ್ತರ ಇರಲಿಲ್ಲ.

ಅದರ ಕೆಳಗೆ ಯಂತ್ರ ಗಿಂತ್ರ ಬೇಡ. ದೀಪವೂ ಬೇಡ. ಗೂಬೆಗೆ ಬೇಜಾರಾಗದಂತೆ ಹೇಳು. ಆ ಜಾಗ ಖಾಲಿಯೇ ಇರಲಿ. ಅಲ್ಲಿದ್ದವಳು ಎತ್ತರವಾದಳು. ಈಗ ಅವಳಿಗೆ ಬೇರೆ ಕೆಲಸ ಇದೆ.

ಅಕ್ಕ